ಗ್ಲೋರಾಂಥದ ದೇವರುಗಳು: ಒಂದು ಕಲ್ಪಿತ ಲೋಕದ ಆರಾಧನಾ ಪಂಥಗಳ ಚರಿತ್ರೆ

ನಾಲ್ಕೈದು ಮಂದಿ ಒಂದು ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರೂ ಒಂದೊಂದು ಕಲ್ಪಿತ ವ್ಯಕ್ತಿಯ ಪಾತ್ರವನ್ನು ವಹಿಸಿಕೊಂಡು, ಸೂತ್ರಧಾರನ ಸ್ಥಾನದಲ್ಲಿರುವವನು ವಿವರಿಸುವ ಲೋಕದಲ್ಲಿ ಆ ವ್ಯಕ್ತಿ ಏನು ಮಾಡುತ್ತಾನೆಂದು ಮಾತಿನಲ್ಲೇ ಹೇಳುತ್ತ, ಫಲ ಅನಿಶ್ಚಿತವಾಗಿರುವಲ್ಲಿ ದಾಳ ಉರುಳಿಸಿ ನಿರ್ಣಯಿಸುವ ಆಟವನ್ನು ಪಾತ್ರಾಭಿನಯದ ಆಟವೆಂದು ಕರೆಯಬಹುದು. ಇದರ ಮೊದಲ ಮುದ್ರಿತ ರೂಪವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದರ ಕರ್ತೃಗಳು. ಅಂದಿನಿಂದ ಇಂಥ ಆಟಗಳಿಗಾಗಿ ಕಟ್ಟಿದ ಲೋಕಗಳಲ್ಲಿ ರಾಜ್ಯ, ಭಾಷೆ, ನಕ್ಷೆಗಳ ಜೊತೆಗೆ ದೇವರುಗಳೂ ಸೇರಿಕೊಂಡಿದ್ದಾರೆ. ಆದರೆ ಕಲ್ಪಿತ ದೇವರೊಬ್ಬನಿಗೆ ಹೆಸರು, ಆಯುಧ, ವಾಹನಗಳನ್ನು ಕೊಡುವುದು ಒಂದು ಸಂಜೆಯ ಕೆಲಸವಾದರೆ, ಆ ದೇವರನ್ನು ನಂಬುವ ಜನರ ಊಟ, ಉಡುಗೆ, ಸಾಲ, ಮದುವೆ, ಹಗೆ ಮತ್ತು ಸಾವುಗಳನ್ನು ಕಟ್ಟಿ ನಿಲ್ಲಿಸುವುದಕ್ಕೆ ಬಹುಕಾಲದ ಶ್ರಮ ಬೇಕು. ಈ ಎರಡನೆಯ ಕೆಲಸವನ್ನು ಮೊದಲು ಗಂಭೀರವಾಗಿ ಕೈಗೆತ್ತಿಕೊಂಡ ಲೋಕಗಳಲ್ಲಿ ಗ್ಲೋರಾಂಥಕ್ಕೆ ಅಗ್ರಸ್ಥಾನವಿದೆ, ಮತ್ತು ಅಲ್ಲಿ ಅದು ಸಾಧ್ಯವಾದದ್ದು ದೇವರ ವರ್ಣನೆಯನ್ನು ಬಿಟ್ಟು ಪಂಥದ ವರ್ಣನೆಯನ್ನು ಹಿಡಿದದ್ದರಿಂದ.

ಗ್ಲೋರಾಂಥದ ಕರ್ತೃ ಗ್ರೆಗ್ ಸ್ಟಾಫರ್ಡ್ 1948ರಲ್ಲಿ ಹುಟ್ಟಿದವನು. ವಿಸ್ಕಾನ್ಸಿನ್ ರಾಜ್ಯದ ಬೆಲಾಯ್ಟ್ ಕಾಲೇಜಿನಲ್ಲಿ ವಿದ್ಯಾರ್ಥಿಯಾಗಿದ್ದಾಗ, 1966ರಲ್ಲಿ, ಆತ ಈ ಲೋಕದ ಕುರಿತು ಬರೆಯತೊಡಗಿದ. ಆಗ ಅವನ ಮುಂದಿದ್ದದ್ದು ಆಟವಲ್ಲ, ಪುರಾಣ. ನಾನಾ ದೇಶಗಳ ಪುರಾಣಗಳನ್ನು ಓದಿಕೊಂಡಿದ್ದ ಈ ತರುಣ ತನ್ನದೇ ಪುರಾಣವೊಂದನ್ನು ಕಟ್ಟಿ, ಅದಕ್ಕೆ ರಾಜವಂಶಗಳನ್ನೂ ಯುದ್ಧಗಳನ್ನೂ ಜೋಡಿಸಿ ಕಥೆಗಳನ್ನು ಬರೆದನಾದರೂ ಪ್ರಕಾಶಕರು ಅವನ್ನು ಒಪ್ಪಲಿಲ್ಲ. ಕಥೆಯಾಗಿ ಹೊರಬರಲಾರದ ಲೋಕವನ್ನು ಆಟವಾಗಿ ಹೊರತರುವ ಹಂಚಿಕೆ ಹಾಕಿ, 1975ರಲ್ಲಿ ಕೇಯಾಸಿಯಂ ಎಂಬ ಪ್ರಕಾಶನ ಸಂಸ್ಥೆಯನ್ನು ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪಿಸಿ, ‘ವೈಟ್ ಬೇರ್ ಅಂಡ್ ರೆಡ್ ಮೂನ್’ ಎಂಬ ಯುದ್ಧದ ಹಲಗೆಯಾಟವನ್ನು ಆತ ಪ್ರಕಟಿಸಿದ. ಸಾರ್ಟರ್ ಎಂಬ ಗುಡ್ಡಗಾಡು ರಾಜ್ಯಕ್ಕೂ ಅದನ್ನು ನುಂಗಹೊರಟ ಚಾಂದ್ರ ಸಾಮ್ರಾಜ್ಯಕ್ಕೂ ನಡೆಯುವ ಸಂಗ್ರಾಮ ಅದರ ವಸ್ತು. ಪುರಾಣ ಮೊದಲು, ಆಟ ಆಮೇಲೆ ಎಂಬ ಈ ಅನುಕ್ರಮವನ್ನು ಮುಖ್ಯವೆಂದು ಹಿಡಿಯಬೇಕು. ಉಳಿದ ಬಹುಪಾಲು ಲೋಕಗಳಲ್ಲಿ ಆಟದ ಅಗತ್ಯಕ್ಕೆಂದು ದೇವರುಗಳು ಬಂದರೆ ಇಲ್ಲಿ ದೇವರುಗಳ ಅಗತ್ಯಕ್ಕೆಂದು ಆಟ ಬಂದಿತು.

ಆ ಹೊತ್ತಿಗೆ ಬೇರೆ ಕಡೆ ದೇವರುಗಳ ಸ್ಥಿತಿ ಏನಾಗಿತ್ತೆಂಬುದನ್ನು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. 1974ರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಲ್ಲಿ ಕ್ಲೆರಿಕ್ ಎಂಬ ಅರ್ಚಕ-ಯೋಧನ ಪಾತ್ರವಿತ್ತು, ಅವನು ಗಾಯ ಮಾಯಿಸುತ್ತಿದ್ದ, ಪ್ರೇತಗಳನ್ನು ಓಡಿಸುತ್ತಿದ್ದ, ಆದರೆ ಯಾವ ದೇವರ ಅರ್ಚಕನೆಂಬುದನ್ನು ನಿಯಮಪುಸ್ತಕ ಹೇಳಿರಲಿಲ್ಲ. 1976ರಲ್ಲಿ ರಾಬರ್ಟ್ ಕುಂಟ್ಜ್ ಮತ್ತು ಜೇಮ್ಸ್ ವಾರ್ಡ್ ಬರೆದ ‘ಗಾಡ್ಸ್, ಡೆಮಿ-ಗಾಡ್ಸ್ ಅಂಡ್ ಹೀರೋಸ್’ ಎಂಬ ಪೂರಕ ಪುಸ್ತಕವೂ, 1980ರಲ್ಲಿ ಬಂದ ‘ಡೀಟೀಸ್ ಅಂಡ್ ಡೆಮಿಗಾಡ್ಸ್’ ಎಂಬ ಅದರ ವಿಸ್ತೃತ ರೂಪವೂ ಈಜಿಪ್ಟ್, ಗ್ರೀಸ್, ಭಾರತ ಮೊದಲಾದ ದೇಶಗಳ ದೇವತೆಗಳನ್ನು ಒಟ್ಟಿಗೆ ತಂದು, ಒಬ್ಬೊಬ್ಬರಿಗೂ ಇಷ್ಟು ಏಟು ಬಿದ್ದರೆ ಸಾಯುತ್ತಾರೆಂಬ ಲೆಕ್ಕವನ್ನು, ಅಂದರೆ ಪ್ರಾಣದ ಅಂಕವನ್ನು, ಕೊಟ್ಟವು. ಇಂದ್ರನಿಗೂ ಅಗ್ನಿಗೂ ವರುಣನಿಗೂ ಅಲ್ಲಿ ಅಂಥ ಅಂಕಗಳಿವೆ. ಇಂದ್ರನನ್ನು ಯಾರು ಆರಾಧಿಸುತ್ತಾರೆ, ಆರಾಧಿಸುವುದರಿಂದ ಅವರ ನಿತ್ಯಜೀವನದಲ್ಲಿ ಏನು ಬದಲಾಗುತ್ತದೆ, ಅವರು ಯಾರೊಡನೆ ಉಣ್ಣುವುದಿಲ್ಲ ಎಂಬ ಪ್ರಶ್ನೆಗಳಿಗೆ ಆ ಪುಟಗಳಲ್ಲಿ ಹೆಚ್ಚೇನೂ ಉತ್ತರವಿಲ್ಲ. ದೇವರು ಅಲ್ಲಿ ಅತಿ ಬಲಿಷ್ಠನಾದ ಎದುರಾಳಿ. ಧರ್ಮ ಎನ್ನುವುದು ಇಲ್ಲವೇ ಇಲ್ಲ.

ಈ ಮಾತಿಗೆ ಒಂದು ದೊಡ್ಡ ಅಪವಾದವಿದ್ದು, ಅದು ದಕ್ಷಿಣ ಏಷ್ಯಾದ ಅಧ್ಯಯನದೊಡನೆ ನೇರ ನಂಟುಳ್ಳದ್ದು. 1975ರಲ್ಲಿ ಪ್ರಕಟವಾದ ‘ಎಂಪೈರ್ ಆಫ್ ದ ಪೆಟಲ್ ಥ್ರೋನ್’ ಎಂಬ ಆಟದ ಕರ್ತೃ ಎಂ.ಎ.ಆರ್. ಬಾರ್ಕರ್ ವೃತ್ತಿಯಿಂದ ಭಾಷಾವಿಜ್ಞಾನಿ. 1950ರ ದಶಕದಲ್ಲಿ ಭಾರತಕ್ಕೆ ಬಂದು, ಇಸ್ಲಾಂ ಸ್ವೀಕರಿಸಿ, ಅಮೆರಿಕದ ಮೂಲನಿವಾಸಿಗಳ ಕ್ಲಾಮತ್ ಭಾಷೆಯ ಮೇಲೆ ಸಂಶೋಧನೆ ನಡೆಸಿ, ಉರ್ದು ಮತ್ತು ಬಲೂಚಿ ಭಾಷೆಗಳಿಗೆ ಪಠ್ಯಗಳನ್ನು ರಚಿಸಿ, ಕೊನೆಗೆ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ದಕ್ಷಿಣ ಏಷ್ಯಾ ಅಧ್ಯಯನದ ಪ್ರಾಧ್ಯಾಪಕನಾದವನು. ಆ ಆಟದ ಲೋಕವಾದ ಟೆಕುಮೆಲ್‌ನಲ್ಲಿ ಸ್ಥಿರತೆಯ ಐವರು ದೇವರು, ಪರಿವರ್ತನೆಯ ಐವರು ದೇವರು, ಈ ಹತ್ತು ಮಂದಿಗೂ ಒಬ್ಬೊಬ್ಬ ಅನುಚರ ದೇವತೆ, ಹೀಗೆ ಒಟ್ಟು 20 ಆರಾಧ್ಯರಿದ್ದು, ಈ ಎರಡು ಬಣಗಳನ್ನು ಒಳಿತು-ಕೆಡುಕು ಎಂದು ವಿಂಗಡಿಸದೆ, ಎರಡಕ್ಕೂ ಒಂದೇ ಊರಿನಲ್ಲಿ ದೇವಾಲಯ, ಸೇನಾದಳ, ಶಿಕ್ಷಣಕ್ರಮಗಳನ್ನು ಕೊಟ್ಟು, ದೇವಾಲಯಗಳ ನಡುವೆ ಬಹಿರಂಗ ಕಲಹವನ್ನು ನಿಷೇಧಿಸುವ ಒಡಂಬಡಿಕೆಯನ್ನೂ ಬಾರ್ಕರ್ ಕಲ್ಪಿಸಿದ. ವಿದ್ವತ್ತಿನಲ್ಲಿ ಸ್ಟಾಫರ್ಡ್ ಅವನಿಗೆ ಸಮನಲ್ಲ. ಆದರೂ ಟೆಕುಮೆಲ್ ಅನ್ನು ಹೊರಗಿನವನು ಪ್ರವೇಶಿಸುವುದು ಕಷ್ಟ. ಅದು ವಿದ್ವಾಂಸನೊಬ್ಬನ ಖಾಸಗಿ ಕೋಶದಂತೆ ಉಳಿಯಿತು. 1991ರಲ್ಲಿ ಗುಪ್ತನಾಮದಲ್ಲಿ ಬಂದ ಯಹೂದಿ ದ್ವೇಷದ ಕಾದಂಬರಿಯೊಂದು ಬಾರ್ಕರನದೇ ಎಂಬುದನ್ನು ಅವನ ಕೃತಿಗಳ ಹೊಣೆ ಹೊತ್ತ ಪ್ರತಿಷ್ಠಾನವೇ 2022ರಲ್ಲಿ ಒಪ್ಪಿಕೊಂಡಿತು.

ಗ್ಲೋರಾಂಥಕ್ಕೆ ಪಾತ್ರಾಭಿನಯದ ನಿಯಮಗಳು ಬಂದದ್ದು 1978ರಲ್ಲಿ, ‘ರೂನ್‌ಕ್ವೆಸ್ಟ್’ ಎಂಬ ಹೆಸರಿನಲ್ಲಿ. ಅದರ ಮುಖ್ಯ ರಚನಕಾರ ಸ್ಟೀವ್ ಪೆರಿನ್. ರೇ ಟರ್ನಿ ಮೊದಲಾದ ಸ್ನೇಹಿತರು ಜೊತೆಗಿದ್ದರು. ರೂನ್ ಎಂದರೆ ಈ ಲೋಕದ ಮೂಲತತ್ತ್ವವೊಂದನ್ನು ಸೂಚಿಸುವ ಚಿಹ್ನೆ: ಕತ್ತಲೆ, ನೀರು, ಭೂಮಿ, ಬೆಂಕಿ ಅಥವಾ ಆಕಾಶ, ಬಿರುಗಾಳಿ, ಚಂದ್ರ ಎಂಬ ಭೂತತತ್ತ್ವಗಳಿಗೂ, ಸಾವು, ಫಲವಂತಿಕೆ, ಸತ್ಯ, ಭ್ರಮೆ, ಸಾಮರಸ್ಯ, ಅವ್ಯವಸ್ಥೆ, ಚಲನೆ, ಸ್ಥಿತಿ ಎಂಬ ಶಕ್ತಿಗಳಿಗೂ ಒಂದೊಂದು ರೂನ್ ಇದ್ದು, ಪ್ರತಿಯೊಬ್ಬ ದೇವರೂ ಅವುಗಳಲ್ಲಿ ಎರಡು-ಮೂರರ ಒಡೆಯ. ಪೆರಿನ್ ಮತ್ತು ಅವನ ಗೆಳೆಯರು ಮಧ್ಯಯುಗದ ಕಾಳಗವನ್ನು ಮರದ ಆಯುಧಗಳಿಂದ ಅಣಕು ಮಾಡುವ ಸಂಘದಲ್ಲಿ ಪಳಗಿದವರಾದ್ದರಿಂದ, ಅವರ ನಿಯಮಗಳಲ್ಲಿ ಹೊಡೆತ ಕೈಗೆ ಬಿತ್ತೋ ಕಾಲಿಗೆ ಬಿತ್ತೋ ತಲೆಗೆ ಬಿತ್ತೋ ಎಂಬುದಕ್ಕೂ ದಾಳವಿತ್ತು. ನುರಿತ ವೀರನೂ ಒಂದೇ ಏಟಿಗೆ ಕಾಲು ಕಳೆದುಕೊಳ್ಳಬಹುದಾಗಿತ್ತು.

ಪಂಥಗಳ ಮಹತ್ವದ ಬೇರು ಈ ಕಠೋರತೆಯಲ್ಲೇ ಇದೆ, ಇದನ್ನು ಸಾಮಾನ್ಯವಾಗಿ ಯಾರೂ ಎತ್ತಿ ಹೇಳುವುದಿಲ್ಲ. ಕಾಲು ಕಳೆದುಕೊಂಡವನಿಗೆ ಚಿಕಿತ್ಸೆ ಬೇಕು. ಅದು ಚಲಾನಾ ಆರಾಯ್ ಎಂಬ ವೈದ್ಯದೇವಿಯ ದೇವಾಲಯದಲ್ಲಿ ಸಿಗುತ್ತದೆ. ಕತ್ತಿವಿದ್ಯೆ ಸುಧಾರಿಸಬೇಕಾದರೆ ಗುರು ಬೇಕು. ಗುರುವಿಗೆ ಬೆಳ್ಳಿ ನಾಣ್ಯ ಕೊಡಬೇಕು. ಹಣವಿಲ್ಲದವನಿಗೆ ಸಾಲದ ಮೇಲೆ ಕಲಿಸುವವರು ಅವನ ಪಂಥದವರು ಅಥವಾ ಕಸುಬಿನ ಸಂಘದವರು. ಮಂತ್ರವನ್ನು ಕಲಿಸುವವರೂ ಅವರೇ. ಹೀಗೆ ಪಂಥವೆನ್ನುವುದು ಆಟದಲ್ಲಿ ಒಮ್ಮೆಗೇ ಆಸ್ಪತ್ರೆ, ಗರಡಿ, ಶಾಲೆ, ಲೇವಾದೇವಿಯ ಅಂಗಡಿ ಮತ್ತು ಬಂಧುಬಳಗವಾಗಿ ನಿಂತಿತು. ಆಡುವವನು ಭಕ್ತಿಯಿಂದಲ್ಲದಿದ್ದರೂ ಲೆಕ್ಕಾಚಾರದಿಂದಲಾದರೂ ಯಾವುದಾದರೊಂದು ದೇವರ ಬಾಗಿಲಿಗೆ ಹೋಗಲೇಬೇಕಾಯಿತು. ನಿಜವಾದ ಸಮಾಜಗಳಲ್ಲೂ ಮಠ-ಮಂದಿರಗಳು ಬೆಳೆದದ್ದು ಬಹುಮಟ್ಟಿಗೆ ಇಂಥ ಸೇವೆಗಳ ಮೂಲಕವೇ ಎಂಬುದನ್ನು ಧರ್ಮದ ಚರಿತ್ರಕಾರರು ಬಲ್ಲರು.

ಪಂಥದೊಳಗೆ ಮೆಟ್ಟಿಲುಗಳಿದ್ದವು. ಹಬ್ಬಕ್ಕೆ ಬಂದು ಕೈಮುಗಿದು ಹೋಗುವವನು ಸಾಮಾನ್ಯ ಭಕ್ತ. ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ನಿಯಮಗಳು ಅಂಕಿಯಲ್ಲಿ ಅಳೆಯುವ ತನ್ನ ಆತ್ಮಶಕ್ತಿಯ ಒಂದಂಶವನ್ನು ಶಾಶ್ವತವಾಗಿ ಅರ್ಪಿಸಿ, ಕಾಲ ಮತ್ತು ಆದಾಯಗಳ ದಶಮಾಂಶವನ್ನು ಸಲ್ಲಿಸುವವನು ದೀಕ್ಷಿತ. ಅದಕ್ಕೂ ಮೇಲೆ ಎರಡು ದಾರಿಗಳು: ದೇವರ ಮಂತ್ರಶಕ್ತಿಯನ್ನು ಪದೇ ಪದೇ ಬಳಸಬಲ್ಲ ರೂನ್ ಅರ್ಚಕ, ಮತ್ತು ಐದು ವಿದ್ಯೆಗಳಲ್ಲಿ ಶೇ. 90ರ ಪ್ರಾವೀಣ್ಯ ಸಾಧಿಸಿದ ರೂನ್ ಒಡೆಯ. ಇವರಿಬ್ಬರೂ ತಮ್ಮ ಸಮಯದ ಬಹುಪಾಲನ್ನು ಪಂಥಕ್ಕೇ ಮೀಸಲಿಡಬೇಕು. ದೀಕ್ಷಿತನೊಬ್ಬ ಸಾಯುವ ಗಳಿಗೆಯಲ್ಲಿ ದೇವರನ್ನು ಕೂಗಿ ಕರೆಯಬಹುದು. ನೂರರೊಳಗಿನ ಅಂಕ ಕೊಡುವ ದಾಳ ಅವನ ಆತ್ಮಶಕ್ತಿಗಿಂತ ಹೆಚ್ಚು ತೋರಿಸಿದರೆ ದೇವರು ಕಿವಿಗೊಡುವುದಿಲ್ಲ, ಕಡಿಮೆ ತೋರಿಸಿದರೆ ದೇವರು ಕಾಪಾಡಿ ಅಷ್ಟೇ ಪ್ರಮಾಣದ ಆತ್ಮಶಕ್ತಿಯನ್ನು ಕಿತ್ತುಕೊಳ್ಳುತ್ತಾನೆ. ರೂನ್ ಒಡೆಯನಿಗಾದರೆ ಹತ್ತರೊಳಗಿನ ದಾಳ ಸಾಕು, ಏಕೆಂದರೆ ದೇವರಿಗೆ ಅವನ ಪರಿಚಯವಿದೆ. ಕೃಪೆ ಮತ್ತು ಬೆಲೆಗಳನ್ನು ಒಂದೇ ದಾಳದಲ್ಲಿ ಕಟ್ಟಿದ ಈ ನಿಯಮ ಪಾತ್ರಾಭಿನಯದ ಆಟಗಳ ಚರಿತ್ರೆಯಲ್ಲೇ ಅತ್ಯಂತ ಚತುರವಾದವುಗಳಲ್ಲಿ ಒಂದು.

1979ರಲ್ಲಿ ಪೆರಿನ್ ಮತ್ತು ಸ್ಟಾಫರ್ಡ್ ಹೆಸರಿನಲ್ಲಿ ಬಂದ ‘ಕಲ್ಟ್ಸ್ ಆಫ್ ಪ್ರ್ಯಾಕ್ಸ್’ ಈ ಎಲ್ಲ ಸೂಚನೆಗಳನ್ನು ಒಂದು ಸಾಹಿತ್ಯಪ್ರಕಾರವನ್ನಾಗಿ ಮಾಡಿತು. ಪ್ರ್ಯಾಕ್ಸ್ ಒಂದು ಒಣ ಬಯಲುಸೀಮೆ. ಅಲ್ಲಿನ ಅಲೆಮಾರಿಗಳನ್ನೂ, ನದಿಯ ದಂಡೆಯ ಪಾವಿಸ್ ನಗರದವರನ್ನೂ, ಅಲ್ಲಿಗೆ ಬಂದ ಹೊರಗಿನವರನ್ನೂ, ಮನುಷ್ಯೇತರ ಜನಾಂಗಗಳನ್ನೂ ಸೇರಿಸಿ 15 ಪಂಥಗಳನ್ನು ಪುಸ್ತಕ ವಿವರಿಸುತ್ತದೆ. ಪ್ರತಿಯೊಂದು ಪಂಥದ ವಿವರಣೆಗೂ ಒಂದೇ ಚೌಕಟ್ಟು: ದೇವರ ಪುರಾಣ, ಪಂಥದ ಚರಿತ್ರೆ, ಸತ್ತ ಮೇಲಿನ ಗತಿಯ ನಂಬಿಕೆ; ಪಂಥ ಇಂದಿಗೂ ಏಕೆ ಉಳಿದಿದೆ, ಸಮಾಜದಲ್ಲಿ ಅದರ ಸ್ಥಾನವೇನು, ಅದರ ಇಷ್ಟಾನಿಷ್ಟಗಳೇನು; ಸಂಘಟನೆ, ಸದಸ್ಯತ್ವದ ಅರ್ಹತೆ, ಕಟ್ಟುಪಾಡು, ಮಂತ್ರ, ಮಿತ್ರಪಂಥಗಳು. ಮಾನವಶಾಸ್ತ್ರದ ಕ್ಷೇತ್ರಕಾರ್ಯದ ವರದಿಯನ್ನು ಹೋಲುವ ಈ ಚೌಕಟ್ಟಿನಲ್ಲಿ ಹಾಳೆಗಟ್ಟಲೆ ನಡೆದ ಮೇಲೆಯೇ ಆಟದ ಅಂಕಿಸಂಖ್ಯೆಗಳು ಕಾಣಿಸಿಕೊಳ್ಳುತ್ತವೆ. ಪಂಥ ಇಂದಿಗೂ ಏಕೆ ಉಳಿದಿದೆ ಎಂಬ ಒಂದೇ ಶೀರ್ಷಿಕೆ, ಹಿಂದಿನ ದೇವತಾಪಟ್ಟಿಗಳೆಲ್ಲ ಕೇಳಲು ಮರೆತ ಪ್ರಶ್ನೆಯನ್ನು ಬರೆಯುವವನ ಮುಂದೆ ಇಟ್ಟುಬಿಡುತ್ತದೆ.

ಪುಸ್ತಕಕ್ಕೆ ಇನ್ನೊಂದು ಪದರವಿದೆ. ಇಸ್ಸಾರೀಸ್ ಎಂಬ ವಾಣಿಜ್ಯದೇವನ ಭಕ್ತನಾದ ಬಿಟೂರಿಯನ್ ವರೋಶ್ ಎಂಬ ವರ್ತಕನ ಪ್ರವಾಸ ದಿನಚರಿ ಅಧ್ಯಾಯಗಳ ನಡುವೆ ತುಂಡುತುಂಡಾಗಿ ಹರಿಯುತ್ತದೆ. ಸರಕು ಹೇರಿಕೊಂಡು ಊರೂರು ಅಲೆಯುವ ಈತ ಆಯಾ ಪಂಥದವರನ್ನು ವ್ಯಾಪಾರದಲ್ಲೂ ಅಪಾಯದಲ್ಲೂ ಎದುರುಗೊಳ್ಳುತ್ತಾನೆ. ಶಾಸ್ತ್ರ ಒಂದು ಕಡೆ ಹೇಳಿದ್ದನ್ನು ಜನ ಹೇಗೆ ನಡೆಸುತ್ತಾರೆ, ಎಲ್ಲಿ ತಪ್ಪಿಸಿಕೊಳ್ಳುತ್ತಾರೆ ಎಂಬುದು ವರ್ತಕನ ಕಣ್ಣಿನಿಂದಲೇ ತಿಳಿಯಬೇಕು. ಸೂತ್ರಧಾರನೂ ಆಟಗಾರರೂ ಆಡುವ ಮೊದಲೇ ಈ ಲೋಕದಲ್ಲಿ ವಾಸಿಸಲು ಕಲಿತದ್ದು ಹೀಗೆ.

ಅಲೆಮಾರಿಗಳ ಧರ್ಮವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಪುರಾಣದ ಪ್ರಕಾರ ಸೂರ್ಯನಿಲ್ಲದ ಮಹಾ ಕತ್ತಲೆಯ ಕಾಲದಲ್ಲಿ ಪ್ರ್ಯಾಕ್ಸ್‌ನ ನೆಲ ಸತ್ತುಹೋಗಿ, ಎಲ್ಲರಿಗೂ ಸಾಕಾಗುವಷ್ಟು ಆಹಾರ ಉಳಿಯದಿದ್ದಾಗ, ವಾಹಾ ಎಂಬ ದೇವವೀರನು ಮನುಷ್ಯರಿಗೂ ಮೃಗಗಳಿಗೂ ಒಂದು ಕರಾರು ಏರ್ಪಡಿಸಿದ: ಸ್ಪರ್ಧೆಯಲ್ಲಿ ಗೆದ್ದವರು ತಿನ್ನುವವರು, ಸೋತವರು ಹುಲ್ಲು ಮೇದು ತಿನ್ನಿಸಿಕೊಳ್ಳುವವರು. ಕಾಡೆಮ್ಮೆ, ಇಂಪಾಲ, ಎತ್ತರದ ಲಾಮಾ ಮೊದಲಾದವುಗಳ ಎದುರು ಮನುಷ್ಯರು ಗೆದ್ದರು, ಆದರೆ ಟೇಪಿರ್ ಎಂಬ ಸೊಂಡಿಲಿನ ಪ್ರಾಣಿಯನ್ನು ಹೋಲುವ ಮೊರೊಕಾಂಥರ ಎದುರು ಸೋತರು. ಆದ್ದರಿಂದ ಮೊರೊಕಾಂಥರು ಇಂದಿಗೂ ಬುದ್ಧಿ ಕಳೆದುಕೊಂಡ ಮನುಷ್ಯರ ಮಂದೆಗಳನ್ನು ಮೇಯಿಸುತ್ತಾರೆ, ಮತ್ತು ಅವರೂ ವಾಹಾನ ಭಕ್ತರೇ. ಮೃಗವನ್ನು ಕೊಲ್ಲುವಾಗ ಅದರ ಜೀವವು ಮಂದೆಗಳ ತಾಯಿಯಾದ ಐರಿಥಾಳ ಬಳಿಗೆ ಹಿಂತಿರುಗುವಂತೆ ವಿಧಿಪೂರ್ವಕವಾಗಿ ಕೊಲ್ಲಬೇಕು. ವಿಧಿ ತಪ್ಪಿದರೆ ಮಂದೆ ಮತ್ತೆ ಹುಟ್ಟುವುದಿಲ್ಲ. ಬರಗಾಲದ ಪಶುಪಾಲಕ ಸಮಾಜವೊಂದು ತನ್ನ ಕಟುಕತನಕ್ಕೆ ತಾನೇ ಕೊಟ್ಟುಕೊಳ್ಳುವ ಸಮರ್ಥನೆ ಇದು, ಮತ್ತು ಮೊರೊಕಾಂಥರ ಪ್ರಸಂಗವು ಆ ಸಮರ್ಥನೆಯನ್ನು ಓದುಗನ ಕುತ್ತಿಗೆಗೇ ತಿರುಗಿಸುತ್ತದೆ.

ಹುಮಾಕ್ಟ್ ಎಂಬವನು ಸಾವಿನ ದೇವರು, ಖಡ್ಗದ ದೇವರು. ಅವನ ದೀಕ್ಷಿತರು ದೇವರಿಂದ ವರಗಳನ್ನು ಪಡೆಯುವಾಗ ಒಂದೊಂದು ವರಕ್ಕೂ ಒಂದೊಂದು ನಿಷೇಧವನ್ನು ಹೊರುತ್ತಾರೆ. ಇಂಥ ಆಹಾರ ತಿನ್ನಬಾರದು, ಇಂಥ ದಿನ ಮಾತನಾಡಬಾರದು ಎಂಬಂಥ ಈ ನಿಷೇಧಗಳ ಕಲ್ಪನೆ ಐರ್ಲೆಂಡಿನ ಪುರಾತನ ವೀರಗಾಥೆಗಳಿಂದ ಬಂದದ್ದು. ಸತ್ತ ಹುಮಾಕ್ಟಿಯನ್ನು ಯಾರೂ ಬದುಕಿಸುವಂತಿಲ್ಲ, ಏಕೆಂದರೆ ಸಾವೇ ಅವನ ದೇವರು. ಚಲಾನಾ ಆರಾಯಳ ವೈದ್ಯರು ಮಾತನಾಡಬಲ್ಲ ಯಾವ ಜೀವಿಗೂ ನೋವು ಮಾಡುವುದಿಲ್ಲವೆಂದು ಪ್ರಮಾಣ ಮಾಡಿ ಮಾಂಸ ತ್ಯಜಿಸುತ್ತಾರೆ. ಜ್ಞಾನದೇವ ಲಾಂಕೋರ್ ಮೈಯ ಪಂಡಿತರಿಗೆ ಗಡ್ಡ ಕಡ್ಡಾಯ. ಗಡ್ಡ ಬೆಳೆಯದವರು, ಹೆಂಗಸರು ಕೂಡ, ಕೃತಕ ಗಡ್ಡ ಕಟ್ಟಿಕೊಳ್ಳಬೇಕು. ನಗೆ ತರಿಸುವ ಇಂಥ ವಿವರವೇ ಪಂಥವನ್ನು ನಂಬುವಂತೆ ಮಾಡುತ್ತದೆ, ಏಕೆಂದರೆ ನಿಜವಾದ ಧರ್ಮಗಳಲ್ಲಿ ಕಾರಣ ಮರೆತುಹೋದ ಕಟ್ಟುಪಾಡುಗಳೇ ಹೆಚ್ಚು ಗಟ್ಟಿಯಾಗಿ ಉಳಿಯುತ್ತವೆ.

ಈ ಎಲ್ಲ ಪಂಥಗಳನ್ನು ಹಿಡಿದಿಡುವ ಮಹಾಕಥೆ ಬಿರುಗಾಳಿಯ ದೇವ ಓರ್ಲಾಂಥ್ ಮತ್ತು ಸೂರ್ಯಚಕ್ರವರ್ತಿ ಯೆಲ್ಮ್ ಇವರ ವೈರದ್ದು. ಯೆಲ್ಮನ ಆಸ್ಥಾನದಲ್ಲಿ ಅವಮಾನಿತನಾದ ಓರ್ಲಾಂಥ್, ಆವರೆಗೆ ಜಗತ್ತು ಸರಿಯಾಗಿ ಅರಿಯದಿದ್ದ ಸಾವು ಎಂಬ ಆಯುಧದಿಂದ ಚಕ್ರವರ್ತಿಯನ್ನು ಕೊಂದ. ಸೂರ್ಯನಿಲ್ಲದ ಲೋಕಕ್ಕೆ ಕತ್ತಲೆಯೂ ಹಿಮವೂ ಕೊನೆಗೆ ಸೃಷ್ಟಿಯನ್ನೇ ಅಳಿಸುವ ಕೇಯಾಸ್ ಎಂಬ ಶೂನ್ಯಶಕ್ತಿಯೂ ನುಗ್ಗಿದವು. ತನ್ನ ತಪ್ಪನ್ನು ಅರಿತ ಓರ್ಲಾಂಥ್ ಇಸ್ಸಾರೀಸ್, ಲಾಂಕೋರ್ ಮೈ, ಚಲಾನಾ ಆರಾಯ್, ವಂಚಕದೇವ ಯೂರ್ಮಲ್ ಮೊದಲಾದವರೊಡನೆ ಪಡುವಣದ ಹಾದಿಯಿಂದ ಪಾತಾಳಕ್ಕಿಳಿದು, ಸತ್ತ ಶತ್ರುವಿನ ಮುಂದೆ ನಿಂತು, ರಾಜಿ ಮಾಡಿಕೊಂಡು ಬೆಳಕನ್ನು ಮರಳಿ ತಂದ. ಆ ಮಹಾ ಒಪ್ಪಂದದ ಪ್ರಕಾರ ದೇವರುಗಳು ಇನ್ನು ಮೇಲೆ ಲೋಕದಲ್ಲಿ ಸ್ವತಂತ್ರವಾಗಿ ನಡೆದುಕೊಳ್ಳುವಂತಿಲ್ಲ. ಅಂದಿನ ಸೂರ್ಯೋದಯದಿಂದ ಕಾಲವೆಂಬುದು ಶುರುವಾಯಿತು. ದೇವರು ತಾನಾಗಿ ಬರಲಾರನಾದ್ದರಿಂದ ಅವನ ಕೈಯಾಗಿ ಪಂಥ ಬೇಕಾಯಿತು ಎಂಬುದು ಇದರ ತಾರ್ಕಿಕ ಫಲ; ಉಳಿದ ಲೋಕಗಳಲ್ಲಿ ದೇವರುಗಳು ಬೇಕೆಂದಾಗ ಬಂದು ಕಥೆ ಕೆಡಿಸುತ್ತಿದ್ದರೆ ಇಲ್ಲಿ ಪುರಾಣವೇ ಅವರನ್ನು ಕಟ್ಟಿಹಾಕಿದೆ.

ಇಷ್ಟು ಹೇಳಿದ್ದು ಓರ್ಲಾಂಥನ ಭಕ್ತರ ಮಾತು. 1994ರಲ್ಲಿ ಪ್ರಕಟವಾದ ‘ದ ಗ್ಲೋರಿಯಸ್ ರೀಅಸೆಂಟ್ ಆಫ್ ಯೆಲ್ಮ್’ ಎಂಬ ಸ್ಟಾಫರ್ಡ್‌ನ ಪುಸ್ತಕವು ಸೂರ್ಯನ ಪ್ರಜೆಗಳಾದ ದಾರಾ ಹಪ್ಪದ ನಗರವಾಸಿಗಳ ಕಡೆಯಿಂದ ಅದೇ ಚರಿತ್ರೆಯನ್ನು ಹೇಳುತ್ತದೆ. ಅಲ್ಲಿ ಓರ್ಲಾಂಥ್ ಬಂಡುಕೋರ ಮಾತ್ರ, ಲೋಕ ಕೆಡಿಸಿದವನು. ಯೆಲ್ಮ್ ಯಾರ ಹಂಗೂ ಇಲ್ಲದೆ ತನ್ನ ಧರ್ಮದ ಬಲದಿಂದಲೇ ಮತ್ತೆ ಎದ್ದು ಬಂದವನು. ಯಾವುದು ನಿಜವೆಂದು ಪುಸ್ತಕಗಳು ತೀರ್ಮಾನಿಸುವುದಿಲ್ಲ, ಏಕೆಂದರೆ ಎರಡು ಕಡೆಯ ಅರ್ಚಕರ ಮಂತ್ರಗಳೂ ಫಲಿಸುತ್ತವೆ. ಆಟಗಾರನು ಯಾವ ಪಂಥದ ದೀಕ್ಷೆ ಪಡೆದನೋ ಅದರ ಕಣ್ಣಿನಿಂದ ಮಾತ್ರ ಲೋಕ ಕಾಣುವಂತೆ ಮಾಡಿದ ಈ ಸಂಯಮ, ಒಳ್ಳೆಯ ದೇವರು ಇತ್ತ, ಕೆಟ್ಟ ದೇವರು ಅತ್ತ ಎಂದು ಎರಡು ಸಾಲು ನಿಲ್ಲಿಸುವ ಪದ್ಧತಿಯಿಂದ ಬಹಳ ದೂರ ಬಂದದ್ದು.

ಚಾಂದ್ರ ಸಾಮ್ರಾಜ್ಯದ ಕೆಂಪು ದೇವಿ ಈ ವ್ಯವಸ್ಥೆಯ ಬಿರುಕು. ಗ್ಲೋರಾಂಥದ ಪಂಚಾಂಗದಲ್ಲಿ 1220ನೆಯ ವರ್ಷ, ಸಪ್ತಮಾತೆಯರೆಂದು ಮುಂದೆ ಹೆಸರಾದ ಏಳು ಮಂದಿ, ಅವರಲ್ಲಿ ಗಂಡಸರೂ ಇದ್ದರು, ಛಿದ್ರವಾಗಿದ್ದ ದೇವತೆಯೊಬ್ಬಳನ್ನು ಮತ್ತೆ ಜೋಡಿಸಿ ಹುಟ್ಟಿಸಿದರು. 1247ರಲ್ಲಿ ಆಕೆ ಕೆಂಪು ಚಂದ್ರನಾಗಿ ಆಕಾಶವೇರಿದಳು. ಕಾಲ ಶುರುವಾದ ಮೇಲೆ ಹುಟ್ಟಿದ ದೇವಿ ಒಪ್ಪಂದವನ್ನು ಮುರಿದಳೆಂಬುದು ಓರ್ಲಾಂಥಿಗಳ ಆರೋಪ. ಕೇಯಾಸನ್ನೂ ಒಳಗೊಳ್ಳುವ ವಿಮೋಚನೆ ತನ್ನದೆಂಬುದು ಅವಳ ಪಂಥದ ಉತ್ತರ. ಸಪ್ತಮಾತೆಯರ ಪಂಥವು ಗೆದ್ದ ನಾಡುಗಳಲ್ಲಿ ಬಡವರಿಗೆ ಅನ್ನ ಹಾಕುತ್ತ, ಓದು ಕಲಿಸುತ್ತ, ಮತಾಂತರಿಸುತ್ತದೆ. ಅದೇ ಸಾಮ್ರಾಜ್ಯ ಮನುಷ್ಯರನ್ನು ತಿನ್ನುವ ಕೆಂಬಣ್ಣದ ದೈತ್ಯ ಬಾವಲಿಯನ್ನು ಯುದ್ಧಕ್ಕೆ ಸಾಕುತ್ತದೆ. ಸಾಮ್ರಾಜ್ಯಶಾಹಿಯ ಧರ್ಮಪ್ರಚಾರವನ್ನು ವಸಾಹತು ಕಾಲದ ಅನುಭವವುಳ್ಳ ಸಮಾಜಗಳ ಓದುಗರು ಇಲ್ಲಿ ಗುರುತಿಸದೆ ಇರಲಾರರು.

ಪುರಾಣವನ್ನು ಹೇಳುವುದಷ್ಟೇ ಅಲ್ಲದೆ ನಡೆಸಬಹುದೆಂಬುದು ಗ್ಲೋರಾಂಥದ ಕೇಂದ್ರ ಕಲ್ಪನೆ. ವೀರಯಾತ್ರೆ ಎನ್ನಬಹುದಾದ ಈ ಆಚರಣೆಯಲ್ಲಿ ದೀಕ್ಷಿತನು ತನ್ನ ದೇವರ ಕಥೆಯ ಹೆಜ್ಜೆಗಳನ್ನು ಒಂದೊಂದಾಗಿ ತುಳಿಯುತ್ತ ಕಾಲಕ್ಕೆ ಮುಂಚಿನ ದೇವಲೋಕವನ್ನು ಹೊಕ್ಕು, ದೇವರು ಗೆದ್ದದ್ದನ್ನು ತಾನೂ ಗೆದ್ದು ತನ್ನ ಜನರಿಗೆ ತರುತ್ತಾನೆ, ಹೆಜ್ಜೆ ತಪ್ಪಿದರೆ ಶಾಪವನ್ನು ತರುತ್ತಾನೆ. ಪುರಾಣದ ಆದಿಕಾಲಕ್ಕೆ ಆಚರಣೆಯ ಮೂಲಕ ಮರಳುವ ಕುರಿತು ಧರ್ಮದ ಚರಿತ್ರಕಾರ ಮಿರ್ಚಾ ಎಲಿಯಾಡೆ ಬರೆದದ್ದರ ನೆರಳು ಇಲ್ಲಿ ಕಾಣುತ್ತದೆ. ಭೂತಕೋಲದಲ್ಲಿ ಪಾಡ್ದನದ ಕಥೆ ಹಾಡಾಗುತ್ತಿರುವಂತೆಯೇ ಕಟ್ಟಿದವನು ದೈವವಾಗಿ ನುಡಿ ಕೊಡುವುದನ್ನು ಕಂಡ ತುಳುನಾಡಿನ ಓದುಗರಿಗೆ ಈ ಕಲ್ಪನೆ ಅಪರಿಚಿತವಾಗಲಾರದು. ಆದರೆ ಅಲ್ಲಿ ದೈವ ಊರಿಗೆ ಬರುತ್ತದೆ, ಗ್ಲೋರಾಂಥದಲ್ಲಿ ಮನುಷ್ಯ ದೇವರ ನಾಡಿಗೆ ಹೋಗುತ್ತಾನೆ, ಹೋಗಿ ಕಥೆಯನ್ನೇ ತುಸು ತಿದ್ದಿ ಬರುವ ಅಪಾಯವೂ ಇದೆ. 1978ರಿಂದಲೇ ಇದಕ್ಕೊಂದು ಪ್ರತ್ಯೇಕ ಆಟ ಬರಲಿದೆಯೆಂಬ ಮಾತಿತ್ತಾದರೂ ಅದು ಹೊರಬಂದದ್ದು 2000ದಲ್ಲಿ, ರಾಬಿನ್ ಲಾಸ್ ರಚಿಸಿದ ‘ಹೀರೋ ವಾರ್ಸ್’ ರೂಪದಲ್ಲಿ; ಆ ನಡುವೆ ಅದಕ್ಕೆಂದು ಇಟ್ಟುಕೊಂಡಿದ್ದ ‘ಹೀರೋಕ್ವೆಸ್ಟ್’ ಎಂಬ ಹೆಸರನ್ನು 1989ರಲ್ಲಿ ಬೇರೊಂದು ಕಂಪನಿಯ ಹಲಗೆಯಾಟ ಬಳಸಿಕೊಂಡಿತ್ತು. ವೀರಯಾತ್ರೆಯ ಅತ್ಯುತ್ತಮ ರೂಪ ಕಾಣಿಸಿದ್ದು ಮೇಜಿನ ಮೇಲಲ್ಲ, 1999ರ ‘ಕಿಂಗ್ ಆಫ್ ಡ್ರ್ಯಾಗನ್ ಪಾಸ್’ ಎಂಬ ಕಂಪ್ಯೂಟರ್ ಆಟದಲ್ಲಿ. ಡೇವಿಡ್ ಡನ್‌ಹ್ಯಾಮ್‌ನ ಸಂಸ್ಥೆ ರೂಪಿಸಿದ ಈ ಆಟದಲ್ಲಿ ಆಟಗಾರನು ಒಂದು ಕುಲದ ಆಡಳಿತ ನಡೆಸುತ್ತ, ಮೊದಲೇ ಓದಿಕೊಂಡ ಪುರಾಣವನ್ನು ನೆನಪಿಟ್ಟು, ವೀರಯಾತ್ರೆಯ ಸರದಿಯಲ್ಲಿ ದೇವರು ಆಗ ಏನು ಮಾಡಿದನೋ ಅದನ್ನೇ ಆರಿಸಬೇಕಾಗುತ್ತದೆ. ಪುರಾಣಜ್ಞಾನವೇ ಅಲ್ಲಿ ಬಲ.

ಪಂಥಗಳ ಬರವಣಿಗೆಯ ಮುಂದಿನ ಚರಿತ್ರೆ ಏರಿಳಿತದ್ದು. 1981ರ ‘ಕಲ್ಟ್ಸ್ ಆಫ್ ಟೆರರ್’ ಕೇಯಾಸನ್ನು ಪೂಜಿಸುವ ಪಂಥಗಳನ್ನು ಕುರಿತದ್ದು; ರೋಗದೇವಿ ಮಾಲಿಯಾಳನ್ನು ಭಯದಿಂದ ಓಲೈಸುವ ಸಾಮಾನ್ಯರಿಂದ ಹಿಡಿದು ಅವಳ ಹೆಸರಿನಲ್ಲಿ ಸೋಂಕು ಹರಡುವವರವರೆಗೆ ಅದರಲ್ಲಿ ಇದ್ದಾರೆ, ಮತ್ತು ಕೆಡುಕನ್ನು ಜನ ಏಕೆ ಆರಾಧಿಸುತ್ತಾರೆಂಬ ಪ್ರಶ್ನೆಗೆ ಆ ಪುಸ್ತಕ ಕೊಟ್ಟ ಉತ್ತರಗಳು ಹತಾಶೆ, ಭಯ, ಸೇಡು ಎಂಬ ಮನುಷ್ಯಸಹಜ ಕಾರಣಗಳೇ. ಇದಕ್ಕೆ ವಿರುದ್ಧವಾಗಿ, ಅದೇ ದಶಕದಲ್ಲಿ ಅಮೆರಿಕದ ಕೆಲವು ಧಾರ್ಮಿಕ ಸಂಘಟನೆಗಳು ಪಾತ್ರಾಭಿನಯದ ಆಟಗಳನ್ನು ಸೈತಾನಪೂಜೆಯೆಂದು ದೂರಿ ಚಳವಳಿ ನಡೆಸಿದಾಗ, ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ ಪ್ರಕಾಶಕರು 1989ರ ಆವೃತ್ತಿಯಿಂದ ಪಿಶಾಚಿಗಳ ಹೆಸರುಗಳನ್ನು ಕೈಬಿಟ್ಟು ಬೇರೆ ಹೆಸರುಗಳನ್ನು ಹುಟ್ಟಿಸಿಕೊಂಡರು.

ರೂನ್‌ಕ್ವೆಸ್ಟ್‌ನ ಹಕ್ಕು 1984ರ ಆವೃತ್ತಿಯ ಹೊತ್ತಿಗೆ ಆವಲಾನ್ ಹಿಲ್ ಎಂಬ ದೊಡ್ಡ ಕಂಪನಿಗೆ ಹೋಯಿತು. 1985ರಲ್ಲಿ ಬಂದ ‘ಗಾಡ್ಸ್ ಆಫ್ ಗ್ಲೋರಾಂಥ’ ಪೆಟ್ಟಿಗೆಯಲ್ಲಿ ಸುಮಾರು 60 ಪಂಥಗಳನ್ನು ತುಂಬಲಾಯಿತು, ಒಂದೊಂದಕ್ಕೂ ಒಂದೆರಡು ಪುಟ. ಪುರಾಣ ಕೆಲವು ಸಾಲುಗಳಿಗೆ ಇಳಿಯಿತು, ಪಂಥ ಏಕೆ ಉಳಿದಿದೆ ಎಂಬ ಪ್ರಶ್ನೆ ಮರೆಯಾಯಿತು, ಮಂತ್ರಗಳ ಪಟ್ಟಿ ಉಳಿಯಿತು. ವಿಚಿತ್ರವೆಂದರೆ ಇಂಥ ಕೆಲಸಕ್ಕೆ ಗ್ಲೋರಾಂಥದ ಚರಿತ್ರೆಯೊಳಗೇ ಒಂದು ಎಚ್ಚರಿಕೆಯಿದೆ. ಎರಡನೆಯ ಯುಗದಲ್ಲಿ ಗಾಡ್ ಲರ್ನರ್ಸ್ ಎಂಬ ಪಂಡಿತರ ಕೂಟವೊಂದು ಎಲ್ಲ ಜನಾಂಗಗಳ ಪುರಾಣಗಳನ್ನೂ ಕೋಷ್ಟಕಕ್ಕೆ ಇಳಿಸಿ, ಎಲ್ಲ ದೇವರುಗಳೂ ಒಂದೇ ಮಾದರಿಯ ಅಚ್ಚುಗಳೆಂದು ನಂಬಿ, ಅದನ್ನು ಪರೀಕ್ಷಿಸಲು ಎರಡು ನಾಡುಗಳ ಭೂದೇವಿಯರನ್ನು ಅದಲುಬದಲು ಮಾಡಿ ಎರಡು ಕಡೆಯ ಹೊಲಗಳನ್ನೂ ಬಂಜರು ಮಾಡಿತು. ಕೊನೆಗೆ ಲೋಕವೇ ತಿರುಗಿಬಿದ್ದು ಅವರನ್ನು ಅಳಿಸಿಹಾಕಿತು. ದೇವರುಗಳನ್ನು ಪಟ್ಟಿ ಮಾಡುವ ಎಲ್ಲ ನಿಯಮಪುಸ್ತಕಗಳ ಮೇಲೂ ಸ್ಟಾಫರ್ಡ್ ಬರೆದ ವಿಡಂಬನೆಯೆಂದೇ ಇದನ್ನು ಓದಬೇಕು, ಅವನ ಸಂಸ್ಥೆಯೇ ರೂಪಿಸಿದವುಗಳನ್ನೂ ಸೇರಿಸಿ.

ರೂನ್‌ಕ್ವೆಸ್ಟ್‌ನ ಹಕ್ಕುಗಳು ಹಲವು ಕೈ ದಾಟಿದ ಮೇಲೆ 2015ರಲ್ಲಿ ಸ್ಟಾಫರ್ಡ್ ತಾನು ಬಿಟ್ಟುಹೋಗಿದ್ದ ಕೇಯಾಸಿಯಮ್ಮಿಗೆ ಮರಳಿದ. ಹೊಸ ಆವೃತ್ತಿಯಾದ ‘ರೂನ್‌ಕ್ವೆಸ್ಟ್: ರೋಲ್‌ಪ್ಲೇಯಿಂಗ್ ಇನ್ ಗ್ಲೋರಾಂಥ’ 2018ರಲ್ಲಿ ಹೊರಬಂದಿತು. ಅದರಲ್ಲಿ ಪಾತ್ರವನ್ನು ರೂಪಿಸುವಾಗಲೇ ಅಜ್ಜ-ಅಜ್ಜಿಯರ, ತಂದೆತಾಯಿಯರ ಕಾಲದ ಘಟನೆಗಳನ್ನು ದಾಳದಿಂದ ನಿರ್ಣಯಿಸಿ, ಪಂಥದ ದೀಕ್ಷೆಯೊಂದಿಗೇ ಆಟ ಆರಂಭಿಸಬೇಕು. ದೇವರಿಲ್ಲದ ಸಾಹಸಿಗೆ ಅಲ್ಲಿ ಎಡೆ ಕಡಿಮೆ. ಅದೇ ವರ್ಷ ಅಕ್ಟೋಬರ್ 10ರಂದು, 70ನೆಯ ವಯಸ್ಸಿನಲ್ಲಿ, ಸ್ಟಾಫರ್ಡ್ ನಿಧನನಾದ. 2023ರಿಂದ ‘ಕಲ್ಟ್ಸ್ ಆಫ್ ರೂನ್‌ಕ್ವೆಸ್ಟ್’ ಎಂಬ ಮಾಲೆಯಲ್ಲಿ ದೇವತಾಕೋಶ, ಬೆಳಕು ತಂದ ದೇವರುಗಳು, ಭೂದೇವಿಯರು ಹೀಗೆ ಸಂಪುಟಗಳು ಬರುತ್ತಿವೆ. ಚಿತ್ರಗಳಲ್ಲೂ ವಿಸ್ತಾರದಲ್ಲೂ ಇವು ಹಳೆಯವುಗಳನ್ನು ಮೀರಿಸುತ್ತವೆ. ಆದರೆ ಪಂಥವೊಂದನ್ನು ಒಳಗಿನಿಂದ ತಿಳಿಯಬಯಸುವವರು ಮೊದಲು ಓದಬೇಕಾದದ್ದು ಈಗಲೂ 1979ರ ಪುಸ್ತಕವೇ. ಅದು ಮರುಮುದ್ರಣಗೊಂಡು ಲಭ್ಯವಿದೆ.